ಬಾಣಂತಿ ಕೋಣೆಯ ಕಲ್ಲಿದ್ದಲು

ಇಂಚೊನ್ ಬಂದರಿನ ಮೇಲಿರುವ ನಮ್ಮ ಗುಡ್ಡದ ಓಣಿಯಲ್ಲಿ ಒಲೆ ಆರಿಹೋದರೆ ಯಾರೂ ಅದನ್ನು ಹೊಸದಾಗಿ ಹೊತ್ತಿಸುತ್ತ ಕೂರುವುದಿಲ್ಲ. ಕಲ್ಲಿದ್ದಲ ಪುಡಿಗೆ ಚೂರು ಮಣ್ಣು ಸೇರಿಸಿ ಒತ್ತಿದ ಒಂದು ಹೊಸ ಬಿಲ್ಲೆ ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಅದನ್ನು ಅಲ್ಲಿ ಕೊಟ್ಟು, ಅವರ ಒಲೆಯಲ್ಲಿ ಉರಿಯುತ್ತಿರುವ ಕೆಂಪು ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ತರುತ್ತೇವೆ. ಕಪ್ಪು ಕೊಟ್ಟು ಕೆಂಪು ತರುವುದು. ಇದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಆದರೆ ಆ ನವೆಂಬರಿನಲ್ಲಿ ಪಕ್ಕದ ಮನೆಯ ಓಕ್‌ಬುನ್ ಅಜ್ಜಿ ಒಂಬತ್ತು ದಿನದಲ್ಲಿ ನಾಲ್ಕು ಸಲ ಬಂದರು. ಓಣಿಯ ಎಲ್ಲರಂತೆ ಅವರೂ ನನ್ನನ್ನು ನನ್ನ ಮಗುವಿನ ಹೆಸರು ಹಿಡಿದೇ ಕರೆಯುತ್ತಿದ್ದರು.

"ಸೊಂಗಾ ಅಮ್ಮಾ, ಇದ್ದೀಯೇನೇ? ಹಾಳಾದ್ದು ಮತ್ತೆ ಆರಿಹೋಯ್ತು."

"ಬನ್ನಿ ಅಜ್ಜಿ, ಒಳಗೆ ಬನ್ನಿ."

"ನಿನ್ನ ಒಲೆ ನೋಡು, ಮದುವೆ ಮನೆ ಒಲೆ ಥರ ಉರೀತಿದೆ. ನಂದು ಮುನಿಸ್ಕೊಂಡ ಸೊಸೆ ಥರ."

"ಮೆಲ್ಲಗೆ, ಮಿರಾನ್ ಕೇಳಿಸ್ಕೊಂಡಾಳು."

"ಕೇಳಿಸ್ಕೊಳ್ಳಲಿ ಬಿಡು. ಅವಳು ಮುನಿಸ್ಕೊಂಡ್ರೂ ಹೊತ್ತಿಗೆ ಸರಿಯಾಗಿ ಉಣ್ತಾಳೆ. ಈ ಒಲೆ ಅದೂ ಮಾಡಲ್ಲ."

ನಾನು ನಕ್ಕು ಕೆಂಪು ಬಿಲ್ಲೆ ಕೊಟ್ಟೆ. ಅವರು ತಂದ ಕರಿ ಬಿಲ್ಲೆಯನ್ನು ಗೋಡೆ ಪಕ್ಕ ಇಟ್ಟೆ. ಕೈ ಒದ್ದೆಯಾಯಿತು. ಲಂಗಕ್ಕೆ ಒರೆಸಿಕೊಂಡೆ.

ಅಜ್ಜಿಯ ಮಗ ಮರಳುಗಾಡಿನ ದೇಶಕ್ಕೆ ರಸ್ತೆ ಕೆಲಸಕ್ಕೆ ಹೋಗಿದ್ದ. ಬರುವುದು ವಸಂತಕ್ಕೆ. ಸೊಸೆ ಮಿರಾನ್‌ಗೆ ಒಂಬತ್ತು ತಿಂಗಳು ತುಂಬುತ್ತಿತ್ತು, ಚೊಚ್ಚಲು. ಹೆರಿಗೆ ಮನೆಯಲ್ಲೇ, ಸೂಲಗಿತ್ತಿಗೆ ಹೇಳಿ ಆಗಿತ್ತು. ನಮ್ಮ ಮನೆಗಳಲ್ಲಿ ಒಲೆಯ ಬಿಸಿಹೊಗೆ ಕೋಣೆಯ ನೆಲದಡಿ ಹಾದು ಹೊಗೆಕೊಳವೆಗೆ ಹೋಗುತ್ತದೆ, ನೆಲ ಬೆಚ್ಚಗಾಗುವುದು ಅದರಿಂದಲೇ. ನಮ್ಮಲ್ಲಿ ಹೆತ್ತವಳು ಇಪ್ಪತ್ತೊಂದು ದಿನ ಬೆಚ್ಚಗಿನ ನೆಲದ ಮೇಲೆ ಮಲಗಬೇಕು. ಒಂದು ರಾತ್ರಿ ನೆಲ ತಣ್ಣಗಾದರೂ ಮುಪ್ಪಿನವರೆಗೆ ಮೂಳೆ ನೋಯುತ್ತದೆ ಎಂದು ಹಿರಿಯರು ಹೆದರುತ್ತಾರೆ. ಆ ಇಪ್ಪತ್ತೊಂದು ದಿನ ಹೊರಗಿನವರು ಯಾರೂ ಆ ಮನೆಯ ಹೊಸ್ತಿಲು ದಾಟುವಂತಿಲ್ಲ.

ನನ್ನ ತಳಮಳ ಇದ್ದದ್ದು ಅಲ್ಲೇ. ಒಮ್ಮೆ ಹೆರಿಗೆ ಆಗಿ ಬಾಗಿಲು ಮುಚ್ಚಿತೆಂದರೆ, ಒಳಗೆ ಆರುತ್ತ, ಹೊಗೆಯುತ್ತ ಇರುವ ಒಲೆ, ಹಸಿ ಬಾಣಂತಿ, ಹಸುಗೂಸು. ನೋಡುವವರು ಅರವತ್ತೆಂಟು ವರ್ಷದ ಅಜ್ಜಿ ಒಬ್ಬರೇ. ದಿನಕ್ಕೆ ಹತ್ತು ಸಲ ನಾನು ಅಂಗಳಕ್ಕೆ ಬಂದು ಅವರ ಹೊಗೆಕೊಳವೆ ನೋಡುತ್ತಿದ್ದೆ. ಹೊಗೆ ಬಂದರೂ ಭಯ, ಬರದಿದ್ದರೂ ಭಯ.

ಐದನೆಯ ದಿನ ಮಿರಾನ್ ಬಟ್ಟೆ ಒಣಗಿಸುತ್ತ ಹೇಳಿದ್ದಳು, "ಅಕ್ಕಾ, ಬೆಳಿಗ್ಗೆ ಎದ್ರೆ ತಲೆ ಕಲ್ಲಿಟ್ಟ ಹಾಗೆ ಭಾರ. ಹೊರಗೆ ಬಂದ್ರೆ ಹಗುರ ಆಗುತ್ತೆ." ಬಸುರಿಗೆ ಇದೆಲ್ಲ ಇದ್ದದ್ದೇ ಎಂದರು ಅಜ್ಜಿ. ನಾನೂ ಇರಬಹುದು ಎಂದುಕೊಂಡೆ. ಪೂರ್ತಿ ನಂಬಲಿಲ್ಲ. ಆದರೂ ಸುಮ್ಮನಿದ್ದೆ.

ಹತ್ತನೆಯ ದಿನ ಮಧ್ಯಾಹ್ನ, ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕಲು ಕೈಜೋಡಿಸಲೆಂದು ಕೆಳಗಿನ ಓಣಿಯ ಗುಮ್ರೆ ಬಂದಳು. ಆರು ವರ್ಷ ಬಿಲ್ಲೆ ಒತ್ತುವ ಕಾರ್ಖಾನೆಯಲ್ಲಿ ದುಡಿದವಳು. ಎಲೆಕೋಸಿನ ಬುಟ್ಟಿ ಇಳಿಸಿ, ನನ್ನ ಗೋಡೆ ಪಕ್ಕದ ರಾಶಿ ನೋಡಿ ನಿಂತುಬಿಟ್ಟಳು.

"ಏನೇ ಇದು? ಎಲ್ಲಾ ಒಂದು ಥರ, ಈ ಮೂರು ಬೇರೆ ಥರ. ಯಾರ ಮನೆ ಮಕ್ಕಳು ಇವು?"

"ಓಕ್‌ಬುನ್ ಅಜ್ಜೀವು. ಬೆಂಕಿಗೆ ಬದಲು ಕೊಟ್ಟಿದ್ದು. ಒಂದನ್ನ ಉರಿಸಿದೆ."

"ಬೂದಿ ಎಲ್ಲಿ?"

ಹೊರಗೆ ಹಿಮಗಟ್ಟುವ ಮೆಟ್ಟಿಲ ಮೇಲೆ ಕಾಲು ಜಾರದಂತೆ ಚೆಲ್ಲಲೆಂದು ಇಟ್ಟಿದ್ದ ಬೂದಿ ಬಿಲ್ಲೆಗಳನ್ನು ತೋರಿಸಿದೆ. ನನ್ನವು ಉರಿದ ಮೇಲೂ ಇಡಿಯಾಗಿದ್ದವು, ತಿಳಿ ಮಣ್ಣಿನ ಬಣ್ಣ. ಅಜ್ಜಿಯದು ಮೂರು ಚೂರಾಗಿತ್ತು. ಗುಮ್ರೆ ಒಂದು ಚೂರನ್ನು ಎತ್ತಿ ಮುರಿದಳು. ಒಳಗೆ ಇನ್ನೂ ಕಪ್ಪು.

"ನೋಡು, ಹೊಟ್ಟೆಯೊಳಗೆ ಬೆಂದೇ ಇಲ್ಲ. ಕೊಂಡಿದ್ದರಲ್ಲಿ ಮೂರರಲ್ಲೊಂದು ಪಾಲು ಬೂದಿ ಗುಂಡಿಗೆ." ಆಮೇಲೆ ಕರಿ ಬಿಲ್ಲೆಯೊಂದಕ್ಕೆ ಹೆಬ್ಬೆರಳ ಉಗುರು ಒತ್ತಿದಳು. ಬೆಣ್ಣೆಗೆ ಒತ್ತಿದ ಹಾಗೆ ಇಳಿಯಿತು. "ಹಸಿ. ಮಣ್ಣೂ ಜಾಸ್ತಿ. ಅಜ್ಜಿಗೆ ಹೇಳಿದ್ಯಾ?"

"ಹಿರಿಯರು ಕಣೆ. ಅಷ್ಟು ಹೆಮ್ಮೆಯಿಂದ ಆರಿಸಿ ತಂದಿದಾರೆ. ಹೇಗೆ ಹೇಳೋದು?"

"ಹಿರಿಯರು ಅಂತ ಒಲೆಯಿಂದ ಬರೋ ವಿಷದ ಗ್ಯಾಸು ನಮಸ್ಕಾರ ಮಾಡಿ ಹೋಗುತ್ತಾ?" ಗುಮ್ರೆ ಕೈ ಒರೆಸಿಕೊಂಡಳು. "ನಡಿ."

ಅಜ್ಜಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಕಡಲ ಪಾಚಿ ಬಿಡಿಸುತ್ತಿದ್ದರು, ಬಾಣಂತಿಯ ಸಾರಿಗೆ. ಅವರ ಹಿಂದೆ, ಕೊಂಡ ಮುನ್ನೂರರಲ್ಲಿ ಉಳಿದ ಬಿಲ್ಲೆಗಳು ಗೋಡೆಗೆ ಅಂಟಿಕೊಂಡು ನೆಲದಿಂದ ಸೂರಿನವರೆಗೆ ನಿಂತಿದ್ದವು. ನಡುವೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ.

"ಅಜ್ಜಿ, ಇವನ್ನ ಹೇಗೆ ಆರಿಸಿದ್ರಿ?" ಗುಮ್ರೆ ಮೆಲ್ಲಗೇ ಕೇಳಿದಳು.

"ಹೇಗೆ ಅಂದ್ರೆ? ಕಣ್ಣಿಲ್ವಾ, ಕೈಯಿಲ್ವಾ ನಂಗೆ? ಕಪ್ಪು ನೋಡು ಹೇಗೆ ಮಿರುಗ್ತಿದೆ. ಎತ್ತಿ ನೋಡು, ಕೈ ಜಗ್ಗುತ್ತೆ. ಕಲ್ಲಿದ್ದಲಂಗಡಿ ಬಾಂಗ್ ಹೇಳಿದ, ಅಜ್ಜೀ, ಇವತ್ತು ಬೆಳಿಗ್ಗೆ ಒತ್ತಿದ ಮಾಲು ಅಂತ. ಬೆಲೇನೂ ಕಮ್ಮಿ."

"ಮಿರುಗ್ತಿರೋದು ನೀರು. ಜಗ್ತಿರೋದೂ ನೀರು, ಜೊತೆಗೆ ಮಣ್ಣು. ಆ ಬಾಂಗ್ ನಿಮಗೆ ಬಾವಿ ಮಾರಿದಾನೆ."

"ಹೋಗೇ! ಕಾರ್ಖಾನೇಲಿ ಗುಡಿಸಿದ್ದಕ್ಕೆ ದೊಡ್ಡ ಇಂಜಿನಿಯರ್ ಆಗ್ಬಿಟ್ಳು. ನಾನು ನಲವತ್ತು ವರ್ಷದಿಂದ ಒಲೆ ನೋಡ್ತಿದೀನಿ."

"ಅದು ಸೌದೆ ಒಲೆ ಅಜ್ಜಿ."

"ಸೌದೆಯೋ ಕಲ್ಲೋ, ಬೆಂಕಿ ಬೆಂಕೀನೇ. ಒಂದಿಷ್ಟು ಬೇಗ ಮುಗೀತಿತ್ತು, ಅದಕ್ಕೆ ಗಾಳಿ ಕಿಂಡಿಗೆ ಚಿಂದಿ ತುರುಕಿದೀನಿ. ಈಗ ನಿಧಾನಕ್ಕೆ ಉರಿಯುತ್ತೆ."

ಗುಮ್ರೆಯ ಮುಖ ಬದಲಾಯಿತು. "ಯಾವಾಗಿಂದ?"

"ಇವತ್ತು ಬೆಳಿಗ್ಗೆಯಿಂದ. ಯಾಕೆ?"

"ಮಿರಾನ್ ಎಲ್ಲಿ?"

"ಒಳಗೆ ಮಲಗಿದಾಳೆ. ತಲೆನೋವು ಅಂದ್ಲು, ಬಾಗಿಲು ಹಾಕಿ ಬೆಚ್ಚಗೆ ಮಲಗು ಅಂದೆ."

ನಾನು ಆಗಲೇ ಕೋಣೆಯ ಬಾಗಿಲು ಎಳೆದಿದ್ದೆ. ಒಳಗೆ ಯಾವ ಘಾಟೂ ಇರಲಿಲ್ಲ. ಮಿರಾನ್ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕರೆದೆ. ಕಣ್ಣು ಬಿಟ್ಟಳು, ಏಳಲು ಹೋದಳು, ಕಾಲು ನಿಲ್ಲಲಿಲ್ಲ. ನಾಲಗೆ ತೊದಲುತ್ತಿತ್ತು.

"ಎಳೀರಿ ಹೊರಗೆ!" ಗುಮ್ರೆ ಕೂಗಿದಳು. "ಕಿಟಕಿ ಆಮೇಲೆ, ಮೊದಲು ಅವಳು!"

ಇಬ್ಬರೂ ಹಾಸಿಗೆ ಸಮೇತ ಅವಳನ್ನು ಅಂಗಳಕ್ಕೆ ಎಳೆದು ತಂದೆವು. ಕೊರೆಯುವ ಗಾಳಿ. ನನ್ನ ಕೋಟನ್ನು ಅವಳ ಮೇಲೆ ಹಾಕಿದೆ. ಅವಳು ಒಂದು ಕಡೆಗೆ ಹೊರಳಿ ವಾಂತಿ ಮಾಡಿದಳು. ಅಜ್ಜಿ ಅಷ್ಟರಲ್ಲಿ ಮೂಲಂಗಿ ಕಿಮ್ಚಿಯ ತಿಳಿನೀರನ್ನು ಬಟ್ಟಲಲ್ಲಿ ಹಿಡಿದು ಓಡಿಬಂದರು.

"ಕುಡಿಸೇ, ಕುಡಿಸು. ಗ್ಯಾಸಿಗೆ ಇದೇ ಮದ್ದು!"

"ಬೇಡ ಅಜ್ಜಿ!" ಗುಮ್ರೆ ಬಟ್ಟಲನ್ನು ತಡೆದಳು. "ಪೂರ್ತಿ ಎಚ್ಚರ ಇಲ್ಲದೋರ ಬಾಯಿಗೆ ಏನು ಹಾಕಿದ್ರೂ ಉಸಿರಿಗೆ ಅಡ್ಡ ಹೋಗುತ್ತೆ. ಇವಳಿಗೆ ಬೇಕಿರೋದು ಗಾಳಿ, ಆಸ್ಪತ್ರೆ."

ಗುಮ್ರೆ ಅವಳ ಹೆಗಲು ಹಿಡಿದಳು, ನಾನು ಕಾಲು. ಎದುರು ಮನೆಯವರು ಓಡಿಬಂದರು. ನೂರ ಹನ್ನೆರಡು ಮೆಟ್ಟಿಲು ಇಳಿದು ಟ್ಯಾಕ್ಸಿ ಹಿಡಿದೆವು. ದಾರಿಯುದ್ದಕ್ಕೂ ಅಜ್ಜಿ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದರು. ಮಗು ಅಲುಗಲಿಲ್ಲ. ಅಜ್ಜಿ ಒಂದೇ ಮಾತು ಕೇಳುತ್ತಿದ್ದರು, "ಅಲುಗ್ತಾ ಸೊಂಗಾ ಅಮ್ಮ? ನನ್ನ ಕೈಗೆ ಗೊತ್ತಾಗ್ತಿಲ್ಲ, ನೀನು ನೋಡೇ." ನಾನು ನೋಡಿದೆ. ನನಗೂ ಗೊತ್ತಾಗಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಒಂದು ಗಂಟೆ ಕಳೆದ ಮೇಲೆ ದಾದಿ ಕೊಳವೆಯಿಟ್ಟು ಹೊಟ್ಟೆಯೊಳಗಿನ ಸದ್ದು ಕೇಳಿ, ಬೆರಳೆತ್ತಿ ಮಗುವಿನ ಎದೆಬಡಿತಕ್ಕೆ ತಾಳ ಹಾಕಿ ತೋರಿಸಿದಳು. ಅಜ್ಜಿಯೂ ತಮ್ಮ ಬೆರಳಿನಿಂದ ಅದೇ ತಾಳ ಹಾಕಿದರು.

"ಇನ್ನರ್ಧ ಗಂಟೆ ತಡ ಮಾಡಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು," ಎಂದರು ಡಾಕ್ಟರು.

ಮಿರಾನ್ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಆ ನಾಲ್ಕು ದಿನದಲ್ಲಿ ಅವರ ಮನೆಯ ಕೋಣೆಯ ನೆಲಕ್ಕೆ ಅಂಟಿಸಿದ್ದ ಕಾಗದ ಎಬ್ಬಿಸಿದೆವು. ಗೋಡೆಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಒಂದು ಮಾರುದ್ದ ಓಡಿತ್ತು. ಸಿಮೆಂಟು ಹಾಕಿಸಿದೆವು, ಹೊಗೆಕೊಳವೆಯಿಂದ ಒಂದು ಬುಟ್ಟಿ ಮಸಿ ತೆಗೆಸಿದೆವು.

"ಒಳ್ಳೆ ಬಿಲ್ಲೆ ತಂದಿದ್ರೆ ಹೀಗಾಗ್ತಿರಲಿಲ್ಲ ಅಲ್ವಾ?" ಅಜ್ಜಿ ಸಣ್ಣ ದನಿಯಲ್ಲಿ ಕೇಳಿದರು.

"ಹಾಗಲ್ಲ ಅಜ್ಜಿ," ಎಂದಳು ಗುಮ್ರೆ. "ನೆಲ ಬಿರುಕಿದ್ರೆ ಒಳ್ಳೆ ಬಿಲ್ಲೇನೂ ಕೊಲ್ಲುತ್ತೆ. ಗ್ಯಾಸಿಗೆ ವಾಸನೆ ಇರಲ್ಲ, ಮೂಗನ್ನ ನಂಬೋ ಹಾಗಿಲ್ಲ. ಆದ್ರೆ ಹಸಿ ಬಿಲ್ಲೆ ಉರಿಯಲ್ಲ, ಹೊಗೆಯಾಡುತ್ತೆ. ಕಿಂಡಿ ಮುಚ್ಚಿದ್ರೆ ಕೇಳಲೇಬೇಡಿ. ಅದರಿಂದ ಗ್ಯಾಸು ಹೆಚ್ಚು, ಶಾಖ ಕಮ್ಮಿ."

"ಮತ್ತೆ ಕಮ್ಮಿ ಬೆಲೆ ಅಂತ ತಂದಿದ್ದು?"

"ನಿಮ್ಮ ಬಿಲ್ಲೆ ಎಷ್ಟು ಹೊತ್ತು ಬರ್ತಿತ್ತು?"

"ಬೆಳಿಗ್ಗೆ ಹಾಕಿದ್ರೆ ಮಧ್ಯಾಹ್ನದೂಟಕ್ಕೆ ಮುಗೀತಿತ್ತು."

"ಸೊಂಗಾ ಅಮ್ಮಂದು ಸಂಜೆವರೆಗೂ ಬರುತ್ತೆ. ಬಿಲ್ಲೆ ಲೆಕ್ಕ ಬಿಡಿ, ನೆಲ ಎಷ್ಟು ಹೊತ್ತು ಬೆಚ್ಚಗಿತ್ತು ಆ ಲೆಕ್ಕ ಹಿಡೀರಿ. ಯಾವುದು ಅಗ್ಗ?"

ಅಜ್ಜಿ ಎದ್ದು ಒಂದು ಬಿಲ್ಲೆ ಎತ್ತಿ ಬಟ್ಟೆಯಲ್ಲಿ ಸುತ್ತಿಕೊಂಡರು. ನಾವು ಮೂವರೂ ಬಾಂಗ್‌ನ ಅಂಗಡಿಗೆ ಇಳಿದೆವು.

"ಏನಜ್ಜಿ, ಇನ್ನೂರು ಸೇರಿಸಿ ಕಳಿಸ್ಲಾ?" ಬಾಂಗ್ ನಗುತ್ತ ಬಂದ.

ಅಜ್ಜಿ ಬಿಲ್ಲೆಯನ್ನು ಮೊಣಕಾಲಿನ ಎತ್ತರಕ್ಕೆ ಹಿಡಿದು ಕೈಬಿಟ್ಟರು. ಅದು ಅವನ ಕಾಲ ಬಳಿ ಪುಡಿಯಾಯಿತು. ಬಿಲ್ಲೆ ಕೊಳ್ಳಲು ನಿಂತಿದ್ದ ಹೆಂಗಸರು ತಿರುಗಿ ನೋಡಿದರು.

"ಬೀಳಿಸಿದ್ರೆ ಒಡೆಯಲ್ವಾ ಅಜ್ಜಿ? ಏನು ಮಾತು!"

"ಆ ಕಡೆ ರಾಶೀದು ಒಂದು ಕೊಡು." ಒಣಗಿ ಮಂಕಾಗಿದ್ದ ಹಳೆಯ ರಾಶಿಯಿಂದ ಅಜ್ಜಿಯೇ ಒಂದು ತೆಗೆದು ಅದೇ ಎತ್ತರದಿಂದ ಬಿಟ್ಟರು. ಅಂಚು ಚೂರು ಉದುರಿತು, ಅಷ್ಟೆ. "ಇದು ಯಾಕೋ ಒಡೀಲಿಲ್ಲ? ಇದಕ್ಕೆ ನಿನ್ನ ಮೇಲೆ ಪ್ರೀತೀನಾ?"

ಹೆಂಗಸರು ನಕ್ಕರು. ಒಬ್ಬಳು ತನ್ನ ಬುಟ್ಟಿಯಲ್ಲಿದ್ದ ಬಿಲ್ಲೆಗೆ ಉಗುರು ಒತ್ತಿ ನೋಡಿದಳು. ಇನ್ನೊಬ್ಬಳು ಕೈಗೆತ್ತಿಕೊಂಡಿದ್ದನ್ನು ಕೆಳಗಿಟ್ಟಳು. ಬಾಂಗ್ ಬೆವರಿದ. ಉಳಿದಿದ್ದ ಇನ್ನೂರ ಎಪ್ಪತ್ತು ಬಿಲ್ಲೆಯನ್ನು ವಾಪಸು ತೆಗೆದುಕೊಂಡು ಒಣ ಮಾಲು ಕೊಡಲು ಒಪ್ಪಿದ.

"ಈಗಲೇ ಬೇಡ," ಎಂದರು ಅಜ್ಜಿ. "ಮೊದಲು ಎರಡು ಕೊಡು. ಉರಿಸ್ತೀನಿ, ಬೂದಿ ನೋಡ್ತೀನಿ. ಆಮೇಲೆ ಮಿಕ್ಕಿದ್ದು."

ಬೂದಿ ಇಡಿಯಾಗಿ, ಒಳಗೂ ಹೊರಗೂ ಒಂದೇ ತಿಳಿ ಬಣ್ಣದಲ್ಲಿ ಬಂತು. ಹೊಸ ಬಿಲ್ಲೆಗಳನ್ನು ಅಡುಗೆಮನೆಯ ಹೊರಗೆ, ಸೂರಿನ ಕೆಳಗೆ, ಹಲಗೆಯ ಮೇಲೆ, ನಡುವೆ ಗಾಳಿಯಾಡುವ ಹಾಗೆ ಜೋಡಿಸಿದೆವು. ಕಿಂಡಿಯ ಚಿಂದಿಯನ್ನು ಅಜ್ಜಿ ತಮ್ಮ ಕೈಯಾರೆ ಸುಟ್ಟರು.

ಡಿಸೆಂಬರ್ ಆರರಂದು ಮಿರಾನ್ ಹೆತ್ತಳು. ಹೆಣ್ಣು ಮಗು. ಬಾಗಿಲು ಮುಚ್ಚಿತು. ನಾನು ಮತ್ತೆ ಹೊಗೆಕೊಳವೆ ನೋಡಲು ಶುರುಮಾಡಿದೆ. ಮೂರನೆಯ ಬೆಳಿಗ್ಗೆ ಗೋಡೆಯಾಚೆಯಿಂದ ದನಿ ಬಂತು.

"ಸೊಂಗಾ ಅಮ್ಮಾ! ಅಲ್ಲಿ ನಿಂತು ಕತ್ತು ಉಳುಕಿಸ್ಕೋಬೇಡ. ನೆಲ ಬೆಚ್ಚಗಿದೆ. ಕಿಟಕಿ ಎರಡು ಬೆರಳು ತೆಗೆದಿದೀನಿ. ಮಿರಾನ್‌ಗೆ ತಲೆನೋವಿಲ್ಲ. ನನ್ನ ಮೊಮ್ಮಗಳು ಅಳ್ತಿದಾಳೆ, ಕೇಳಿಸ್ತಾ?"

ಕೇಳಿಸಿತು. ಗಟ್ಟಿ ದನಿ.

ಅಕ್ಕಂದಿರೇ, ಅಜ್ಜಿಯಂದಿರೇ, ಈ ಚಳಿಗಾಲಕ್ಕೆ ನೀವೂ ಕಲ್ಲಿದ್ದಲು ಕೊಳ್ಳುತ್ತೀರಿ. ಸಾಧ್ಯವಾದರೆ ಚಳಿ ಬರುವ ಮೊದಲೇ ಕೊಳ್ಳಿ, ಒಣಗಲು ಎರಡು ಮೂರು ವಾರ ಸಿಗಲಿ. ಹೊಳಪಿಗೆ, ಭಾರಕ್ಕೆ ಮರುಳಾಗಬೇಡಿ. ಉಗುರು ಒತ್ತಿ ನೋಡಿ, ಮೊಣಕಾಲೆತ್ತರದಿಂದ ಬಿಟ್ಟು ನೋಡಿ. ಎರಡು ತಂದು ಉರಿಸಿ, ಬೂದಿ ಮುರಿದು ನೋಡಿ, ಆಮೇಲೆ ನೂರು ತನ್ನಿ. ಉಳಿತಾಯಕ್ಕೆಂದು ಗಾಳಿ ಕಿಂಡಿ ಮುಚ್ಚಬೇಡಿ. ನೆಲ ಮತ್ತು ಹೊಗೆಕೊಳವೆಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಮನೆಯೊಳಗೆ ತಲೆ ಭಾರವಾಗಿ ಹೊರಗೆ ಬಂದಾಗ ಹಗುರವಾದರೆ ಅದನ್ನು ಬಸಿರು, ಮುಪ್ಪು, ಸುಸ್ತು ಎಂದು ತಳ್ಳಿಹಾಕಬೇಡಿ. ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ.

ಪಕ್ಕದ ಮನೆಯವರು ಪದೇ ಪದೇ ಬೆಂಕಿ ಕೇಳಲು ಬಂದರೆ ಬೆಂಕಿ ಕೊಟ್ಟು ಸುಮ್ಮನಾಗಬೇಡಿ. ಯಾಕೆ ಆರುತ್ತಿದೆ ಎಂದು ಅವತ್ತೇ ಕೇಳಿ. ಅವರು ಬೇಜಾರು ಮಾಡಿಕೊಂಡರೂ ಚಿಂತೆಯಿಲ್ಲ. ನಾನು ಒಂಬತ್ತು ದಿನ ಕೇಳದೆ ಉಳಿದೆ.