ಕಾಲೂರದೆ ಒಂದು ಸುತ್ತು

ನಮ್ಮ ಯಜಮಾನರು ನಾಗಾರ್ಜುನ, ಎರಡು ಸಾವಿರದ ಮೂರರಲ್ಲಿ, ಹೊಟ್ಟೆ ಕರಗಿಸ್ತೀನಿ ಅಂತ ಹದಿನೆಂಟು ಗೇರಿನ ಸೈಕಲ್ ತಂದರು. ಗುಡ್ಡ ಹತ್ತೋ ಸೈಕಲ್ಲು, ಟೈರು ನೋಡಿದರೆ ಟ್ರ್ಯಾಕ್ಟರ್ ನೆನಪಾಗೋದು. ಮೂರು ದಿನ ತುಳಿದರು, ನಾಲ್ಕನೇ ದಿನ ಸೊಂಟ ಹಿಡ್ಕೊಂಡಿತು. ಹೊಟ್ಟೆ ಇದ್ದ ಹಾಗೇ ಇತ್ತು.

ಸುಮ್ಮನೆ ಯಾಕೆ ತುಕ್ಕು ಹಿಡೀಬೇಕು ಅಂತ ನಾನು ತಗೊಂಡೆ. ಮನೆ ಹಿಂದೆಯೇ ಲಿಂಗಾಂಬುಧಿ ಕೆರೆ. ದಿನಾ ಬೆಳಿಗ್ಗೆ ಅದರ ಸುತ್ತ ಮರಗಳ ನಡುವಿನ ಕಾಲುದಾರೀಲಿ ತುಳೀತಿದ್ದೆ. ಬೇರು, ಕಲ್ಲು, ಹಳ್ಳ, ಕೈತುಂಬ ಮುಳ್ಳಿನ ಗೀರು. ಮದುವೆಯಾದ ಹದಿನಾರು ವರ್ಷದಲ್ಲಿ ಅಷ್ಟು ಖುಷಿಯಾಗಿ ಇದ್ದಿದ್ದೇ ಇಲ್ಲ, ಇದ್ದದ್ದು ಹೇಳ್ತೀನಿ.

ಇವರಿಗೆ ತಡೀಲಿಲ್ಲ. ನಲವತ್ತರ ಹೆಂಗಸು ಚೂಡಿದಾರ್ ಹಾಕ್ಕೊಂಡು ಕಾಡಲ್ಲಿ ಸೈಕಲ್ ಹೊಡೆದರೆ ಜನ ಏನಂತಾರೆ, ಬೋಗಾದಿ ಸ್ನೇಹಿತ ವಿಜಯ್‌ಕುಮಾರ್‌ಗೆ ಕೊಟ್ಟುಬಿಡ್ತೀನಿ ಅಂದರು. ನಾನು ಬಿಡ್ತೀನಾ? ಒಂದು ವಾರ ಮನೇಲಿ ಉಪ್ಪಿಟ್ಟು ಬಿಟ್ಟು ಬೇರೇನೂ ಮಾಡಲಿಲ್ಲ. ಕೊನೆಗೆ ಪಂದ್ಯ ಅಂತಾಯಿತು. ಕೆರೆಗೆ ಒಂದು ಸುತ್ತು, ಎಲ್ಲೂ ಕಾಲೂರಬಾರದು. ಊರಿದರೆ ಸೈಕಲ್ ವಿಜಯ್‌ಕುಮಾರ್‌ಗೆ, ಊರದಿದ್ದರೆ ನನಗೆ. ತೀರ್ಪು ನಮ್ಮತ್ತೆ ಗಿರಿಜಾಂಬಾ ಅವರದು. ಅಲ್ಲಿಗೆ ನನ್ನ ಕಥೆ ಮುಗೀತು ಅಂದ್ಕೊಂಡೆ. ನಾನು ಮಾಡಿದ ಸಾರಿಗೆ ಒಂದು ದಿನ ಪರವಾಗಿಲ್ಲ ಅಂದವರಲ್ಲ ಅವರು.

ಭಾನುವಾರ ಬೆಳಿಗ್ಗೆ ಅತ್ತೆ ಕೆರೆ ಏರಿ ಪಕ್ಕ, ಸುತ್ತು ಶುರುವಾಗಿ ಮುಗಿಯೋ ಜಾಗದಲ್ಲಿ ಕೂತರು. ಕಣ್ಣಿಡೋಕೆ ಅಂತ ಇವರು ಪಕ್ಕದ ಮನೆ ಸೈಕಲ್ಲಲ್ಲಿ ನನ್ನ ಹಿಂದೆ ಹೊರಟು, ಮೊದಲನೇ ಹಳ್ಳಕ್ಕೇ ಏದುಸಿರು ಬಿಡ್ತಾ ಇಳಿದರು. ಮರಗಳೊಳಗೆ ನಾನೊಬ್ಬಳೇ. ಬೇರುಗಳನ್ನ ದಾಟೋ ಅಷ್ಟರಲ್ಲಿ ಉಸಿರು ಕಟ್ಟಿ, ಒಂದು ಹೊಂಗೆ ಮರ ತಬ್ಬಿಕೊಂಡು ಸುಧಾರಿಸಿಕೊಂಡೆ, ಕಾಲು ಪೆಡಲ್ ಮೇಲೇ. ಮರ ತಬ್ಬಬಾರದು ಅಂತ ಯಾರೂ ಹೇಳಿರಲಿಲ್ಲ. ನೋಡೋರು ಯಾರೂ ಇರಲಿಲ್ಲ, ಕಾಲೂರಿದ್ದರೂ ನಡೀತಿತ್ತು. ಊರಲಿಲ್ಲ. ಹಠ ಅಂದರೆ ಹಠ.

ಕೊನೇ ಇಳಿಜಾರಲ್ಲಿ, ಅತ್ತೆ ಕೂತಿದ್ದ ಕಡೆಗೆ ಬರ್ತಾ ಇದ್ದಂಗೆ ಒಂದು ಎಮ್ಮೆ ಅಡ್ಡ ಬಂತು. ಗಬಕ್ಕನೆ ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ನಿಲ್ಲಲಿಲ್ಲ. ಹಾರಿ ಹೋಗಿ ಅತ್ತೆ ಮುಂದೆಯೇ ಕೆಸರಲ್ಲಿ ಅಂಗಾತ ಬಿದ್ದೆ, ಎರಡೂ ಕಾಲು ಆಕಾಶಕ್ಕೆ. ಎಮ್ಮೆ ನನ್ನನ್ನೊಂದು ಸಲ ನೋಡಿ ಹೋಯಿತು. ಹೋಯ್ತಲ್ಲ ಸೈಕಲ್ಲು ಅಂತ ನನಗೆ ಅಳುವೇ ಬಂತು.

ಅಷ್ಟರಲ್ಲಿ ಇವರು ಪಕ್ಕದ ಮನೆ ಸೈಕಲ್ ತಳ್ಳಿಕೊಂಡು ಬಂದು, ಸೋತಳು, ಇವತ್ತೇ ವಿಜಯ್‌ಕುಮಾರ್‌ಗೆ ಕಳಿಸ್ತೀನಿ ಅಂದರು. ಅತ್ತೆ ಎದ್ದು ನಿಂತರು.

"ಬೆನ್ನು ತಾಗಿತು, ತಲೆ ತಾಗಿತು. ಕಾಲು ಎಲ್ಲಪ್ಪ ತಾಗಿತು? ಸುತ್ತು ಮುಗೀತು, ಸೈಕಲ್ ಅವಳದು ಕಣೋ."

ಅತ್ತೆ ಬಗ್ಗಿ ಸೆರಗಲ್ಲಿ ನನ್ನ ಮುಖದ ಕೆಸರು ಒರೆಸ್ತಾ, ಮುಂದಿನ ಚಕ್ರದ ಬ್ರೇಕ್ ಒಂದನ್ನೇ ಹಿಡಿದರೆ ಹೀಗೇ ಆಗೋದು, ಮಂಗಳವಾರವೂ ಹಿಂಗೇ ಬಿದ್ದೆಯಲ್ಲ ಅಂತ ಬೈದರು. ಮಂಗಳವಾರ ಬಿದ್ದದ್ದನ್ನ ನಾನು ಮನೇಲಿ ಯಾರಿಗೂ ಹೇಳಿರಲಿಲ್ಲ. ಹಾಗಾದರೆ ನೀವು ದಿನಾ ಇಲ್ಲಿಗೆ ಬರ್ತಿದ್ದಿರಾ ಅಂತ ಕೇಳಿದೆ.

"ಬಿದ್ದರೆ ಎತ್ತೋಣ ಅಂತಲೇ ಬರ್ತಿದ್ದೆ," ಅಂದರು. "ದಿನಾ ನೀನೇ ಎದ್ದುಬಿಡ್ತಿದ್ದೆ."