ಹಳೆಯ ಅಳತೆ

ಸೂಜಿ ಚುಚ್ಚಿಡುವ ಪುಟ್ಟ ದಿಂಬಿನಲ್ಲಿ ಒಂಬತ್ತೇ ಇದ್ದವು. ಹೊಲಿಗೆಯವಳು ಮೂರನೇ ಸಲ ಎಣಿಸಿದಳು. ಒಂಬತ್ತೇ. ಮೆಷಿನ್ ಮುಂದೆ ಕೂರುವಾಗ ಹತ್ತು, ಏಳುವಾಗ ಹತ್ತು: ಬೆಕ್ಕು ಮನೆಗೆ ಬಂದಾಗಿನಿಂದ ಅವಳು ತಪ್ಪಿಸದ ಕ್ರಮ ಅದು. ಮೆಷಿನ್ನಿನ ಕೆಳಗೆ ಗುಂಡಿ ಎಂಬ ಹೆಸರಿನ ಆ ಬೆಕ್ಕು ಹೊಟ್ಟೆ ಹಿಂಡಿಕೊಂಡು ಮತ್ತೆ ವಾಂತಿ ಮಾಡುತ್ತಿತ್ತು. ವಾರದಿಂದ ಭೇದಿ ಬೇರೆ. ದಾರ ಕಂಡರೆ ಬಿಡದ ಪ್ರಾಣಿ, ದಾರದ ಜೊತೆ ಸೂಜಿಯನ್ನೂ ನುಂಗಿದ್ದರೆ? ಅವಳು ಕೂಗಿಕೊಂಡಳು.

"ಮಾವಾ, ಗುಂಡಿ ಸೂಜಿ ನುಂಗಿದೆ!"

ಕಿಟಕಿಯ ಬಳಿ ಕೂತಿದ್ದ ಮಾವ ಎದ್ದ ರಭಸಕ್ಕೆ ಅಂಗಿ ಭುಜದಿಂದ ಜಾರಿತು. ಹೋದ ತಿಂಗಳು ಅವಳೇ ಹಳೆಯ ಅಳತೆ ನೋಡಿ ಹೊಲಿದುಕೊಟ್ಟ ಅಂಗಿ. "ಇದರೊಳಗೆ ಇನ್ನೊಬ್ಬನನ್ನ ಬಾಡಿಗೆಗೆ ಇಡಬಹುದು ಕಣಮ್ಮಾ" ಎಂದು ಅವರು ತಮಾಷೆ ಮಾಡಿದ್ದರು. ಕತ್ತರಿ ತಪ್ಪಿತೆಂದು ಅವಳಿಗೆ ನಾಚಿಕೆಯಾಗಿತ್ತು.

"ನಿಂತು ನೋಡ್ತೀಯೇನು? ಬೇಗ ಡಾಕ್ಟ್ರ ಹತ್ರ ಕರ್ಕೊಂಡು ಹೋಗು" ಎಂದರು ಮಾವ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮುಚ್ಚಳ ಹಾಕಿದ್ದೂ ಅವರೇ.

ಬೆಕ್ಕಿನ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಹೊಲಿಗೆಯವಳು ಕಣ್ಣು ಮುಚ್ಚಿಕೊಂಡಳು. ಕರುಳು ಹರಿದುಹೋಗಿದ್ದರೆ ಆ ತಪ್ಪು ತನ್ನದೇ.

"ಹೊಟ್ಟೆಯಲ್ಲಿ ಸೂಜಿ ಇಲ್ಲ. ನಿಮ್ಮ ತೋಳಲ್ಲಿ ಹೊಳೀತಿರೋದೇನು?"

ಎಡತೋಳಿನ ಬಟ್ಟೆಯಲ್ಲಿ, ಕೆಂಪು ದಾರದ ಸಮೇತ, ಹತ್ತನೆಯದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಹಾಲು ಕೊಡ್ತಿದ್ದೀರಾ?"

"ಇಲ್ಲ ಡಾಕ್ಟ್ರೇ. ಇದಕ್ಕೆ ಹಾಲು ಅರಗಲ್ಲ ಅಂತ ನೀವೇ ಹೇಳಿದ್ರಲ್ಲ, ಅವತ್ತಿಂದ ಒಂದು ತೊಟ್ಟೂ ಹಾಕಿಲ್ಲ."

ಅಷ್ಟರಲ್ಲಿ ಗುಂಡಿ ಮೇಜಿನ ಮೇಲೆ ಇನ್ನೊಮ್ಮೆ ಕಕ್ಕಿತು. ಒಡೆದ ಹಾಲು, ಬಿಳಿ ಬಿಳಿಯಾಗಿ.

"ಹಾಗಾದ್ರೆ ಮನೆಯಲ್ಲಿ ಬೇರೆ ಯಾರೋ ಹಾಕ್ತಿದ್ದಾರೆ" ಎಂದರು ಡಾಕ್ಟರಮ್ಮ.

ಗಂಡ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುವವರು ತಾನು ಮತ್ತು ಮಾವ. ದಾರಿಯುದ್ದಕ್ಕೂ ಅವಳ ಸಿಟ್ಟು ಏರುತ್ತಲೇ ಹೋಯಿತು. ಬಂದವಳೇ ಮಾವನ ಕುರ್ಚಿಯ ಕೆಳಗೆ ಬಗ್ಗಿ ನೋಡಿದಳು. ಹಾಲಿನ ಕಲೆ ಒಣಗಿದ್ದ ತಟ್ಟೆ ಅಲ್ಲೇ ಇತ್ತು.

"ಮಾವಾ, ಏನಿದು? ಹಾಲು ಹಾಕಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ!"

"ಚೆಲ್ಲೋಕೆ ಮನಸ್ಸು ಬರ್ಲಿಲ್ಲಮ್ಮಾ."

"ಯಾಕೆ ಚೆಲ್ಲಬೇಕು? ನಿಮಗೆ ಕುಡಿಯೋಕೆ ಅಂತಾನೇ ಕೊಟ್ಟಿದ್ದಲ್ವಾ?"

ಮಾವ ಬುಟ್ಟಿಯೊಳಗೆ ಕೈ ಹಾಕಿ ಬೆಕ್ಕಿನ ತಲೆ ಸವರಿದರು. "ಇಳಿಯಲ್ಲ ತಾಯಿ. ಮೊದಮೊದಲು ಗಟ್ಟಿ ತುತ್ತು ಮಾತ್ರ ಗಂಟಲಲ್ಲಿ ನಿಲ್ತಿತ್ತು. ಒಂದು ವಾರದಿಂದ ಹಾಲೂ ನಿಲ್ತಿದೆ. ಹೇಳಿದ್ರೆ ನೀನು ಗಾಬರಿಯಾಗ್ತೀಯ ಅಂತ ಸುಮ್ಮನಿದ್ದೆ."

ಅವಳ ಹೆದರಿಕೆ ಬೆಕ್ಕನ್ನು ಬಿಟ್ಟು ಮಾವನತ್ತ ತಿರುಗಿತು. ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಅವಳು ತೆಗೆದಳು.

"ಕೈ ಎತ್ತಿ ಮಾವಾ."

"ಈಗ್ಯಾವ ಅಂಗಿಯಮ್ಮಾ?" ಎನ್ನುತ್ತಲೇ ಅವರು ಕೈ ಎತ್ತಿದರು.

ಎದೆ ಮೂವತ್ತೆಂಟು ಇಂಚು ಎಂದು ಅಳತೆಯ ಪುಸ್ತಕದಲ್ಲಿ ಅವಳೇ ಬರೆದಿದ್ದಳು. ಟೇಪು ಮೂವತ್ತೆರಡಕ್ಕೇ ಕೂಡಿತು. ಸಡಿಲಿಸಿ ಮತ್ತೆ ಸುತ್ತಿದಳು. ಮೂವತ್ತೆರಡೇ.

"ಎಷ್ಟು ಬಂತಮ್ಮಾ?"

"ಕೈ ಇಳಿಸಬೇಡಿ" ಎಂದಳು, ಮೂರನೇ ಸಲ ಟೇಪು ಸುತ್ತುತ್ತಾ.