ಕೆನ್ನೆ ಒಡೆದ ವಿಚಾರಣೆ

೧
ಕಥೆಯನ್ನು ಕೆನ್ನೆಯಿಂದ ಶುರು ಮಾಡಲೋ, ಕೀಲಿಮಣೆಯಿಂದಲೋ? ಕೆನ್ನೆಯಿಂದ ಮಾಡಿದರೆ ನೀವು ಮರುಗುತ್ತೀರಿ, ಮರುಗಿ ಪುಟ ತಿರುಗಿಸುತ್ತೀರಿ. ಹಾಗಾಗಿ ಟೈಪಿಸ್ಟ್‌ನಿಂದಲೇ ಆಗಲಿ. ಅವನ ಮೇಲೆ ಯಾರಿಗೂ ಕನಿಕರ ಹುಟ್ಟುವ ಅಪಾಯವಿಲ್ಲ.

೨
ಅವನ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು 'ಆಲು', ಹೂವು 'ಊವು'. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಚಿಕೆಯಿಂದ ಕಂಡಕಂಡಲ್ಲಿ ಹಕಾರ ಅಂಟಿಸಿ 'ಹಾಫೀಸು' ಎಂದ, ಅದೇ ಅಡ್ಡಹೆಸರಾಯಿತು. ಆಮೇಲೆ ಕನ್ನಡಿ ಮುಂದೆ ನಿಂತು ನಾಲಿಗೆ ತಿದ್ದಿಕೊಂಡ. ಈಗ ಅಮ್ಮನ ಫೋನ್ ಬಂದರೆ ಮೆಟ್ಟಿಲ ಕೆಳಗೆ ಹೋಗಿ ಮಾತಾಡುತ್ತಾನೆ.

(ಇಲ್ಲಿದ್ದ ಬಾಲ್ಯದ ಪ್ಯಾರಾವನ್ನು ಹರಿದುಹಾಕಿದ್ದೇನೆ. ಓದಿದ್ದರೆ ಅವನನ್ನು ಕ್ಷಮಿಸಿಬಿಡುತ್ತಿದ್ದಿರಿ.)

೪
ಅಂದು ಮೀಟಿಂಗ್ ರೂಮಿನಲ್ಲಿ ವಿಚಾರಣೆ. ದೂರು ಕೊಟ್ಟವಳು ಆಫೀಸಿನ ನೆಲ ಒರೆಸುವಾಕೆ. ಫೈಲಿನ ಮೇಲೆ ಟೀ ಚೆಲ್ಲಿದ್ದಕ್ಕೆ ಮ್ಯಾನೇಜರು ಅವಳ ಕೆನ್ನೆಗೆ ಬಾರಿಸಿದ್ದರು. ಕೇಳುವವರು ದೊಡ್ಡ ಸಾಹೇಬರು, ಬರೆದುಕೊಳ್ಳುವವನು ನಮ್ಮ ಟೈಪಿಸ್ಟ್.

"ಮ್ಯಾನೇಜರು ಒಡೆದ್ರು ಸಾರ್," ಎಂದಳು.

"ಏನು ಒಡೆದ್ರಮ್ಮ?"

"ನನ್ ಕೆನ್ನೆಗೆ ಸಾರ್."

"ಕೆನ್ನೆ ಚಳಿಗೆ ಒಡೆಯುತ್ತೆ. ಮುಲಾಮು ಹಚ್ಕೊ." ಸಾಹೇಬರು ತಮ್ಮ ಜೋಕಿಗೆ ತಾವೇ ನಕ್ಕು ಟೈಪಿಸ್ಟ್ ಕಡೆ ತಿರುಗಿದರು. "ಟೀ ಕಪ್ಪು ಒಡೆದ್ರು ಅಂತ ಹಾಕ್ರಿ."

ಅವಳ ಮಾತು ಟೈಪಿಸ್ಟ್‌ಗೆ ಚೆನ್ನಾಗಿ ಅರ್ಥವಾಗಿತ್ತು. ಅವನ ತಾಯಿಯ ಬಾಯಲ್ಲೂ ಹೊಡೆತವೆಲ್ಲ 'ಒಡೆತ'ವೇ. (ಸಾಹೇಬರಿಗೂ ಅರ್ಥವಾಗಿತ್ತು ಬಿಡಿ. ಕಿವುಡರಾಗಲು ಇನ್ನೊಬ್ಬರ ಉಚ್ಚಾರದಷ್ಟು ಒಳ್ಳೆಯ ನೆಪ ಬೇರೆ ಸಿಗುವುದಿಲ್ಲ.)

ಅವನು ಟೈಪ್ ಮಾಡಿದ: 'ಮ್ಯಾನೇಜರು ಕಪ್ಪು ಒಡೆದರು.'

೫
ನಾನು ಮಧ್ಯೆ ಬಾಯಿ ಹಾಕಿದೆ. "ಸರಿಯಾಗಿ ಬರಿಯಯ್ಯ."

"ನೀವು ಹೇಳ್ತೀರಿ. ನಾಳೆ ಅದೇ ಮ್ಯಾನೇಜರ್ ಮುಂದೆ ರಜಾ ಅರ್ಜಿ ಹಿಡ್ಕೊಂಡು ನಿಲ್ಲೋನು ನಾನು."

ನನ್ನ ಧೈರ್ಯವೆಲ್ಲ ಕಾಗದದ ಮೇಲಿನದು.

ಒಂದು ಮುಕ್ತಾಯ
ಅವಳು ಸಾಹೇಬರ ಕೆನ್ನೆಗೆ ಬಾರಿಸಿ, ಇದಕ್ಕೆ ಏನಂತೀರಿ ಎಂದು ಕೇಳುತ್ತಾಳೆ. ನೀವು ಚಪ್ಪಾಳೆ ತಟ್ಟುತ್ತೀರಿ.

ಅವಳು ಒಪ್ಪಲಿಲ್ಲ. "ಕೆಲ್ಸ ಓಗೋದು ನಂದು. ನಿಮಗೇನು," ಅಂದಳು.

ಆದದ್ದು
ಟೈಪಿಸ್ಟ್ ಹಾಳೆಯನ್ನು ಅವಳ ಮುಂದಿಟ್ಟ. ಬಾಗಿ ನೋಡಿದವಳು ಅದರಿಂದ ಕಣ್ಣು ಕೀಳಲಿಲ್ಲ. ಅವನು ಅವಸರವಾಗಿ ಹಾಳೆಯ ಕೆಳತುದಿ ತೋರಿಸಿದ. "ಇಲ್ಲಿ... ಎಬ್ಬೆಟ್ಟು ಆಕಿ," ಎಂದುಬಿಟ್ಟ.

ಅವಳು ತಲೆಯೆತ್ತಿದಳು. "ನೀವೂ ನಮ್ ಕಡೇರೇನಾ ಅಣ್ಣ," ಎಂದಳು ಮೆಲ್ಲಗೆ. "ಅಂಗಾದ್ರೆ ನಿಮಗೆ ಗೊತ್ತಾಗಿತ್ತು."

ಅವನು ತನ್ನ ಉಗುರು ನೋಡಿಕೊಂಡ.

"ಪೆನ್ ಕೊಡಿ. ಬಾಯಲ್ಲಿ ಬರದೇ ಇರ್ಬೋದು, ಬರಿಯಕ್ಕೆ ಬರುತ್ತೆ."

'ಕಪ್ಪು ಒಡೆದರು' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಗುಂಡಗೆ ಬರೆದಳು: 'ನನಗೆ ಹೊಡೆದರು.' ಕೆಳಗೆ ಸಹಿ.

೮
ಸಾಹೇಬರು ಆ ಹಾಳೆಯನ್ನು ಬೆರಳ ತುದಿಯಲ್ಲಿ ಪಕ್ಕಕ್ಕೆ ತಳ್ಳಿ, "ಇನ್ನೊಂದು ನೀಟಾಗಿ ಟೈಪ್ ಮಾಡ್ರಿ," ಎಂದರು. ಏನೆಂದು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವಳು ಎದ್ದು ಹೋಗಲಿಲ್ಲ.

ಟೈಪಿಸ್ಟ್ 'ಮ್ಯಾನೇಜರು' ಎಂದಷ್ಟೇ ಒತ್ತಿ ಕೂತಿದ್ದಾನೆ. ಮುಂದಿನ ಪದ ನನ್ನನ್ನು ಕೇಳಬೇಡಿ. ನಾನೇ ಬರೆದುಕೊಟ್ಟರೆ ಅವನು ಮತ್ತೊಮ್ಮೆ ಬಚಾವಾಗುತ್ತಾನೆ, ನೀವು ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತೀರಿ. ಇಬ್ಬರಿಗೂ ಆ ಉಪಕಾರ ಮಾಡುವ ಮನಸ್ಸು ನನಗಿಲ್ಲ.